ಗಟ್ಟಿಯಾಗದ ತಟ್ಟೆ

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ಮೂವತ್ತಮೂರು ವರ್ಷ ಅಟೆಂಡರ್ ಆಗಿದ್ದವನಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ತಕ್ಕಡಿಯಣ್ಣ. ಇಟ್ಟವರೆಲ್ಲ ಪಾಸಾಗಿಯೋ ಫೇಲಾಗಿಯೋ ಹೊರಟುಹೋದರು, ಹೆಸರು ಮಾತ್ರ ಉಳಿದುಕೊಂಡಿತು. ಅದರ ಬಗ್ಗೆ ಅವನಿಗೆ ಬೇಸರವಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯಿತ್ತು. ಉಪ್ಪನ್ನು ಕಣ್ಣಳತೆಯಲ್ಲಿ ಸುರಿಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೇಷ್ಟ್ರುಗಳೇ ಅವನನ್ನು ಕರೆದು "ಇದನ್ನೊಂದು ಸಲ ತೂಗಿಬಿಡಪ್ಪ" ಅನ್ನುತ್ತಿದ್ದರು.

ಮನೆಯಲ್ಲೂ ಅದೇ ಕಥೆ. ಹೆಂಡತಿ "ಚಹಾಕ್ಕೆ ಒಂದು ಚಮಚ ಸಕ್ಕರೆ ಸಾಕಾ?" ಅಂದರೆ, "ಯಾವ ಚಮಚ? ತಲೆ ತಟ್ಟಿದ್ದೋ, ಗೋಪುರ ಕಟ್ಟಿದ್ದೋ?" ಅನ್ನುತ್ತಿದ್ದ. ಅವಳು ಎರಡು ಚಮಚ ಹಾಕಿ ತಂದಿಡುತ್ತಿದ್ದಳು.

ನಿವೃತ್ತಿಯಾದ ದಿನ ಸಹೋದ್ಯೋಗಿಗಳು ಒಂದು ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ಉಡುಗೊರೆ ಕೊಟ್ಟರು. ಅಂಗೈಯಗಲದ್ದು, ಗ್ರಾಮಿನ ನೂರನೇ ಒಂದು ಭಾಗದವರೆಗೂ ತೋರಿಸುತ್ತಿತ್ತು. ಅದನ್ನು ಮನೆಯಲ್ಲಿಟ್ಟುಕೊಂಡು ತೂಗಲು ಏನೂ ಇಲ್ಲದೆ, ಆರು ತಿಂಗಳು ಅವನು ಅದರ ಮೇಲಿನ ಧೂಳನ್ನಷ್ಟೇ ಒರೆಸಿದ.

ಅವನಿಗೊಬ್ಬ ತಂಗಿ. ಸೈಕಲ್ ಅಂಗಡಿಯೊಂದರ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಹದಿನೇಳು ವರ್ಷದಲ್ಲಿ ಒಂದು ಬಟ್ಟೆಯನ್ನೂ ಸುಟ್ಟವಳಲ್ಲ. ಅವಳು ಇಸ್ತ್ರಿ ಮಾಡಿದ ಶರ್ಟಿನ ಕಾಲರ್ ನೋಡಿದರೆ ಅಂಗಡಿಯಿಂದ ಆಗಷ್ಟೇ ತಂದಂತಿರುತ್ತಿತ್ತು. ಅವಳ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದವನು, ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಬಿಟ್ಟುಹೋದ ತಗಡಿನ ಪೆಟ್ಟಿಗೆಯೊಂದು ಅವಳ ಮಂಚದ ಕೆಳಗಿತ್ತು. ಅದರ ತುಂಬ ಹಲ್ಲುಚಕ್ರಗಳು, ಮುಳ್ಳುಗಳು, ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗುಗಳು.

ಒಂದು ದಿನ ಹಲ್ಲು ತೋರಿಸಲು ಹೋದ ತಂಗಿ, ದವಾಖಾನೆಯಲ್ಲಿ ಕಾಯುತ್ತ ಕುಳಿತಾಗ ಮುಂದಿದ್ದ ಮೇಜನ್ನು ನೋಡಿದಳು. ಗಾಜಿನಂಥ ಏನೋ ಒಂದರೊಳಗೆ ಒಣಗಿದ ಎಲೆಗಳು ನೀರಲ್ಲಿ ತೇಲುವ ಹಾಗೆ ನಿಂತಿದ್ದವು. ಚೀಟಿ ಬರೆಯುವ ಹೆಂಗಸನ್ನು ಕೇಳಿದಳು. "ಅದು ರೆಸಿನ್ ಅಂತ. ಎರಡು ಬಾಟಲಿ ಬರುತ್ತೆ, ಬೆರೆಸಿ ಸುರಿದ್ರೆ ಮಾರನೇ ದಿನಕ್ಕೆ ಕಲ್ಲಾಗುತ್ತೆ. ನಾನೂ ಮನೇಲಿ ಮಾಡ್ತೀನಿ" ಅಂದಳು ಆಕೆ. ಹಲ್ಲುನೋವು ಅಲ್ಲಿಗೇ ಮರೆತುಹೋಯಿತು ಎಂದು ತಂಗಿ ಆಮೇಲೆ ಹೇಳುತ್ತಿದ್ದಳು.

ಮುಂದಿನ ವಾರವೇ ಎಲ್ಲ ತಂದಳು. ಒಂದು ರೆಸಿನ್ ಬಾಟಲಿ, ಅದನ್ನು ಗಟ್ಟಿ ಮಾಡುವ ಹಾರ್ಡನರ್‌ನ ಒಂದು ಬಾಟಲಿ, ಮೆತ್ತಗಿನ ಸಿಲಿಕೋನ್ ಅಚ್ಚುಗಳು, ಗೆರೆ ಹಾಕಿದ ಪ್ಲಾಸ್ಟಿಕ್ ಕಪ್ಪುಗಳು, ಐಸ್‌ಕ್ರೀಂ ಕಡ್ಡಿಗಳು, ಕೈಗವಸು, ಮಾಸ್ಕು. ಕಿಟಕಿ ತೆರೆದು, ಮೇಜಿಗೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಕಪ್ಪಿನ ಗೆರೆ ನೋಡಿ ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡನರ್ ಸುರಿದು, ನಿಧಾನಕ್ಕೆ ಕಲಕಿ, ಒಳಗೊಂದು ಕೆಂಪು ಗುಂಡಿಯಿಟ್ಟು ಕೀಚೈನ್ ಮಾಡಿದಳು. ಮಾರನೇ ದಿನ ಅಚ್ಚಿನಿಂದ ಟಪ್ಪೆಂದು ಹೊರಬಂತು. ಒಳಗೆ ನಾಲ್ಕೈದು ಗಾಳಿಗುಳ್ಳೆಗಳಿದ್ದವು, ಅಂಚು ಸ್ವಲ್ಪ ಚೂಪಾಗಿತ್ತು. ಆದರೆ ಕಲ್ಲಿನಷ್ಟು ಗಟ್ಟಿ.

ಭಾನುವಾರ ಅಣ್ಣನ ಮನೆಗೆ ಅದನ್ನು ತಂದು ತೋರಿಸಿದಳು. ಅತ್ತಿಗೆ "ಅಯ್ಯೋ, ಚೆನ್ನಾಗಿದೆಯಲ್ಲೇ!" ಎಂದು ಬೆಳಕಿಗೆ ಹಿಡಿದಳು. ತಕ್ಕಡಿಯಣ್ಣ ಕನ್ನಡಕ ಏರಿಸಿ ನೋಡಿದ.

"ಗುಳ್ಳೆ ಇದೆ."

"ಮೊದಲನೇದಲ್ವಾ ಅಣ್ಣ. ಅಚ್ಚಿಗೆ ಸುರಿದ ಮೇಲೆ ಹೇರ್‌ಡ್ರೈಯರ್ ಬಿಸಿ ತೋರಿಸಿದ್ರೆ ಒಡೆದು ಹೋಗುತ್ತಂತೆ."

"ಅಳತೆ ಹೇಗೆ ಮಾಡಿದೆ?"

"ಕಪ್ಪಲ್ಲಿ ಗೆರೆ ಇರುತ್ತಲ್ಲ, ಅದನ್ನ ನೋಡಿ."

ಅವನು ನಕ್ಕ. ಆ ನಗು ಅವನಿಗೆ ಆಮೇಲೆ ಎಷ್ಟು ಸಲ ನೆನಪಾಯಿತೋ ಲೆಕ್ಕವಿಲ್ಲ. "ಗೆರೆ ನೋಡಿ ಸುರಿಯೋದು ಅಡುಗೆ ಕಣೆ. ಇದು ರಸಾಯನ. ತೂಕ ಮಾಡಬೇಕು."

ತಂಗಿ ಆಗಲೇ ಮನಸ್ಸಿನಲ್ಲಿ ದೊಡ್ಡದೊಂದನ್ನು ಯೋಚಿಸಿದ್ದಳು. ಗಂಡನ ಪೆಟ್ಟಿಗೆಯ ಚಕ್ರಗಳನ್ನೆಲ್ಲ ಜೋಡಿಸಿ, ನಡುವೆ ಅವನೇ ಕೈಗೆ ಕಟ್ಟಿಕೊಳ್ಳುತ್ತಿದ್ದ ಗಡಿಯಾರದ ಮುಖವನ್ನಿಟ್ಟು, ಒಂದು ತಟ್ಟೆ ಮಾಡಬೇಕೆಂದು. "ಮಂಚದ ಕೆಳಗಿದ್ರೆ ತುಕ್ಕು ಹಿಡಿಯುತ್ತೆ. ದಿನಾ ಕಣ್ಣ ಮುಂದೆ ಇರ್ಲಿ ಅಂತ" ಅಂದಳು. ಇನ್ನೊಂದೆರಡು ಚಿಕ್ಕದು ಮಾಡಿ ಕೈ ಕುದುರಿದ ಮೇಲೆ ಅದಕ್ಕೆ ಕೈಹಾಕುತ್ತೇನೆ ಎಂದೂ ಅಂದಳು. ತಕ್ಕಡಿಯಣ್ಣ ಬಿಡಲಿಲ್ಲ. "ನಾನಿದ್ದೀನಲ್ಲ, ಯಾಕೆ ಹೆದರ್ತೀಯ?" ಎಂದು ಬರುವ ಶನಿವಾರಕ್ಕೇ ನಿಗದಿ ಮಾಡಿದ. ಆರು ತಿಂಗಳ ಮೇಲೆ ತಕ್ಕಡಿಗೆ ಕೆಲಸ ಸಿಕ್ಕಿತ್ತು.

ಶನಿವಾರ ಮಧ್ಯಾಹ್ನ ಹೆಂಡತಿಯನ್ನೂ ಕರೆದುಕೊಂಡು ಹೋದ. ಬಾಟಲಿಯ ಮೇಲೆ ದೊಡ್ಡದಾಗಿ '೨:೧' ಎಂದಿತ್ತು. ಅವನಿಗೆ ಅಷ್ಟು ಸಾಕಾಗಿತ್ತು. ಇನ್ನೂರು ಗ್ರಾಂ ರೆಸಿನ್, ನೂರು ಗ್ರಾಂ ಹಾರ್ಡನರ್. ಕೊನೆಯ ಹನಿಯನ್ನು ಕಡ್ಡಿಯ ತುದಿಯಿಂದ ಇಳಿಸಿ, ಅಂಕಿ ನೂರಕ್ಕೆ ಸರಿಯಾಗಿ ನಿಂತಾಗ "ನೋಡಿ, ಹೀಗೆ" ಎಂದು ಇಬ್ಬರು ಹೆಂಗಸರಿಗೂ ತೋರಿಸಿದ. ತಂಗಿ ಕಲಕಿದಳು. ಕಪ್ಪಿನ ಗೋಡೆ ಕೆರೆದು, ತಳ ಕೆರೆದು, ನಾಲ್ಕು ನಿಮಿಷ ಒಂದೇ ವೇಗದಲ್ಲಿ. ಅಚ್ಚಿನ ಅರ್ಧಕ್ಕೆ ಸುರಿದು, ಅದು ಜೇನಿನಷ್ಟು ಮಂದವಾಗುವ ತನಕ ಕಾದು, ಗಂಡನ ಚಿಮುಟದಿಂದಲೇ ಒಂದೊಂದು ಚಕ್ರ ಎತ್ತಿ ಇಟ್ಟಳು. ನಡುವೆ ಗಡಿಯಾರದ ಮುಖ. ಆಮೇಲೆ ಇನ್ನೊಮ್ಮೆ ತೂಗಿ, ಕಲಕಿ, ಮೇಲಿನ ಪದರ. ಧೂಳು ಬೀಳದಂತೆ ರಟ್ಟಿನ ಡಬ್ಬಿ ಮುಚ್ಚಿ ಮೂವರೂ ಚಹಾ ಕುಡಿದರು.

ಮಾರನೇ ದಿನ ಮುಟ್ಟಿದರೆ ಬೆರಳಿಗೆ ಅಂಟಿತು. "ದೊಡ್ಡದಲ್ವಾ, ಇನ್ನೊಂದು ದಿನ ಬೇಕು" ಅಂದ ತಕ್ಕಡಿಯಣ್ಣ. ಮೂರನೇ ದಿನವೂ ಅಂಟು. ವಾರ ಕಳೆದ ಮೇಲೆ ಬಲವಂತವಾಗಿ ಅಚ್ಚಿನಿಂದ ತೆಗೆದರೆ, ಬೇಯದ ಹಿಟ್ಟಿನ ಹಾಗೆ ಬಾಗಿತು. ಎರಡು ಚಕ್ರಗಳು ಸೊಟ್ಟಗಾದವು. ಮೇಲೆಲ್ಲ ಬೆರಳಚ್ಚು, ಧೂಳು, ಎಲ್ಲಿಂದಲೋ ಬಂದು ಕೂತ ಒಂದು ನೊಣ.

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ತಂಗಿ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ತೂಕ ಸರಿಯಾಗಿತ್ತು. ನೀನು ಸರಿಯಾಗಿ ಕಲಕಿಲ್ಲ" ಅಂದುಬಿಟ್ಟ.

"ನಾಲ್ಕು ನಿಮಿಷ ಕಲಕಿದೆನಲ್ಲ ಅಣ್ಣ."

"ಕಲಕೋದಕ್ಕೂ ಒಂದು ಕೈ ಬೇಕು."

"ಸ್ವಲ್ಪ ಗಮನ ಕೊಟ್ಟು ಕಲಕಬಾರದಿತ್ತಾ?" ಎಂದು ಹೆಂಡತಿಯೂ ಒಂದು ಮಾತು ಸೇರಿಸಿದಳು. ತಂಗಿ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. "ಇರಬಹುದು" ಅಂದಳು. ಬಾಟಲಿ, ಕಪ್ಪು, ಕಡ್ಡಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅಣ್ಣನ ಕೈಗೇ ಕೊಟ್ಟಳು. ತಟ್ಟೆಯನ್ನು ಹಾಳೆಯಲ್ಲಿ ಸುತ್ತಿ ಪೆಟ್ಟಿಗೆಯ ಜೊತೆ ಮಂಚದ ಕೆಳಗೆ ತಳ್ಳಿದಳು.

ಚೀಲ ಅವನ ಮನೆಯ ಅಟ್ಟದಲ್ಲಿ ಒಂದು ತಿಂಗಳಿತ್ತು. ಅಟ್ಟ ಖಾಲಿ ಮಾಡುತ್ತಿದ್ದ ಹೆಂಡತಿ "ಇದನ್ನ ಏನು ಮಾಡ್ಲಿ?" ಎಂದು ಕೆಳಗಿಳಿಸಿದಾಗ, ಕೈಗವಸಿನ ಡಬ್ಬಿಯೊಳಗಿಂದ ಮಡಿಸಿದ ಕಾಗದವೊಂದು ಜಾರಿಬಿತ್ತು. ರೆಸಿನ್ ಬಳಕೆಯ ಸೂಚನೆಗಳು. ಇರುವೆಸಾಲಿನಂಥ ಅಕ್ಷರ. ಸುಮ್ಮನೆ ಓದುತ್ತ ಹೋದವನ ಕಣ್ಣು ಒಂದು ಸಾಲಿನಲ್ಲಿ ನಿಂತಿತು. ಎರಡಕ್ಕೆ ಒಂದು ಎಂಬುದು ಕಪ್ಪಿನ ಅಳತೆ. ತೂಕ ಮಾಡುವವರು ನೂರು ಗ್ರಾಂ ರೆಸಿನ್‌ಗೆ ನಲವತ್ತಮೂರು ಗ್ರಾಂ ಹಾರ್ಡನರ್ ಮಾತ್ರ ಹಾಕಬೇಕು. ಹಾರ್ಡನರ್ ಹೆಚ್ಚಾದರೆ ರೆಸಿನ್ ಗಟ್ಟಿಯಾಗುವುದಿಲ್ಲ.

ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಇದು ಅವನಿಗೆ ಗೊತ್ತಿಲ್ಲದ ಸಂಗತಿಯಾಗಿದ್ದರೆ ಬೇರೆ ಮಾತು. ಒಂದು ಲೋಟ ಎಣ್ಣೆ ಒಂದು ಲೋಟ ನೀರಿನಷ್ಟು ತೂಗುವುದಿಲ್ಲ ಎಂದು ಮೂವತ್ತಮೂರು ವರ್ಷ ಪ್ರತಿ ಹೊಸ ತಂಡಕ್ಕೂ ಹೇಳಿದವನೇ ಅವನು. ಹೇಳುವಾಗ ಒಂದು ನಗೆಹನಿಯನ್ನೂ ಸೇರಿಸುತ್ತಿದ್ದ. ಗೆರೆ ನೋಡಿ ಸುರಿದ ತಂಗಿಯ ಕೀಚೈನ್ ಕಲ್ಲಾಗಿತ್ತು. ಹನಿ ಲೆಕ್ಕ ಹಾಕಿ ತೂಗಿದ ಅವನದ್ದು ಹಿಟ್ಟಾಗಿತ್ತು. ಅವನ ಕಿವಿ ಬಿಸಿಯಾಯಿತು.

"ಏನ್ರೀ ಅದು?" ಎಂದಳು ಹೆಂಡತಿ.

"ಏನಿಲ್ಲ. ಹಳೇ ಕಾಗದ" ಎಂದು ಜೇಬಿಗೆ ಹಾಕಿಕೊಂಡ.

ಅವತ್ತೇ ಹೋಗಿ ಹೇಳಿಬಿಟ್ಟಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಭಾನುವಾರ ಬರುತ್ತಾಳಲ್ಲ, ಆಗ ಹೇಳೋಣ ಅಂದುಕೊಂಡ. ಭಾನುವಾರ ಅವಳು ಬಂದಳು, ಅವನು ತರಕಾರಿ ತರುವ ನೆಪ ಮಾಡಿ ಹೊರಗೆ ಹೋಗಿ ಎರಡು ಗಂಟೆ ಬಿಟ್ಟು ಬಂದ. ಮುಂದಿನ ಭಾನುವಾರ ತಲೆನೋವು ಬಂತು. ಬಾಗಿಲು ಮುಂದೆ ಮಾಡಿಕೊಂಡು ಮಲಗಿದ್ದವನಿಗೆ ಹೊರಗಿನ ಮಾತು ಕೇಳಿಸುತ್ತಿತ್ತು. ತಂಗಿ ನಗುತ್ತಲೇ ಹೇಳುತ್ತಿದ್ದಳು, "ನನ್ನ ಕೈಗೆ ಏನು ಕೊಟ್ರೂ ಅಂಟಾಗುತ್ತೆ ಅತ್ತಿಗೆ. ಮೊನ್ನೆ ಲಾಂಡ್ರೀಲಿ ಒಂದು ಶರ್ಟ್ ಸುಟ್ಟೆ. ಮೊದಲನೇ ಸಲ."

"ಅಯ್ಯೋ! ಹೇಗೆ?"

"ಗೊತ್ತಿಲ್ಲ. ಕೈ ಸರಿಯಾಗಿದೆಯೋ ಇಲ್ವೋ ಅಂತ ನೋಡ್ತಾನೇ ನಿಂತುಬಿಟ್ಟೆ. ಈಗ ನಾನೇ ಕೇಳ್ಕೊಂಡು ಬಟ್ಟೆ ಮಡಿಸೋ ಕಡೆ ಹೋಗಿದ್ದೀನಿ. ಮಡಿಸೋದ್ರಲ್ಲಿ ಏನೂ ಸುಡಲ್ವಲ್ಲ."

ಹೊದಿಕೆಯೊಳಗೆ ತಕ್ಕಡಿಯಣ್ಣ ಮುಖ ಮುಚ್ಚಿಕೊಂಡ. ಎದ್ದು ಹೋಗಿ ಹೇಳಬೇಕೆಂದು ಕಾಲನ್ನು ಮಂಚದಿಂದ ಕೆಳಗೂ ಇಳಿಸಿದ. ನೆಲ ತಣ್ಣಗಿತ್ತು. ಮತ್ತೆ ಮೇಲೆಳೆದುಕೊಂಡ.

ಬಾಯಿ ಬಿಡದೆ ತಪ್ಪು ತಿದ್ದುವ ದಾರಿ ಯಾವುದಾದರೂ ಇದೆಯೇ ಎಂದು ಯೋಚಿಸಿದ. ಹೆಂಡತಿ ಅವಳ ಅಕ್ಕನ ಮನೆಗೆ ಹೋದ ವಾರ, ಅದೇ ಚೀಲ ತೆರೆದು, ಕಿಟಕಿ ತೆರೆದು, ಕಪ್ಪಿನ ಗೆರೆ ನೋಡಿ ಎರಡಕ್ಕೆ ಒಂದು ಸುರಿದ. ತಂಗಿ ಕಲಕಿದ ಹಾಗೆಯೇ ಕಲಕಿದ. ಬಿಸಿಗಾಳಿ ತೋರಿಸಿ ಗುಳ್ಳೆ ಒಡೆದ. ತನ್ನದೇ ಹಳೆಯ ಗಡಿಯಾರವೊಂದನ್ನು ಬಿಚ್ಚಿ ಅದರ ಚಕ್ರಗಳನ್ನು ಜೋಡಿಸಿದ. ಮಾರನೇ ದಿನ ಅಂಗೈಯಗಲದ ದುಂಡು ಬಿಲ್ಲೆಯೊಂದು ಹೊರಬಂತು. ಒಂದು ಗುಳ್ಳೆಯಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ಣೆಂದಿತು. ಇದನ್ನು ಕೊಟ್ಟರೆ ಅವಳಿಗೆ ಖುಷಿಯಾಗುತ್ತದೆ, ಮತ್ತೆ ಶುರು ಮಾಡುತ್ತಾಳೆ, ಹಳೆಯದನ್ನು ಯಾರು ಕೆದಕುತ್ತಾರೆ ಎಂದುಕೊಂಡು ಕರವಸ್ತ್ರದಲ್ಲಿ ಸುತ್ತಿ ಹೊರಟ.

ತಂಗಿ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು.

"ನೀನೇ ಕಲಕಿದ್ಯಾ ಅಣ್ಣ?"

"ಹೂಂ."

"ನೋಡು. ನಿನ್ನ ಕೈಲಾದ್ರೆ ಎಷ್ಟು ಚೆನ್ನಾಗಿ ಬಂತು. ನೀನು ಅವತ್ತು ಹೇಳಿದ್ದು ನಿಜ. ಕಲಕೋದಕ್ಕೂ ಒಂದು ಕೈ ಬೇಕು." ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅದಕ್ಕೇ ಅವನು ಅರ್ಧ ಕುಡಿದ ಚಹಾದ ಲೋಟವನ್ನು ಕೆಳಗಿಟ್ಟ. ಅವಳು ಮಂಚದ ಕೆಳಗಿಂದ ತಗಡಿನ ಪೆಟ್ಟಿಗೆಯನ್ನು ಎಳೆದು ಅವನ ಮುಂದಿಟ್ಟಳು. "ಇದನ್ನ ನೀನೇ ಇಟ್ಕೋ. ಇಲ್ಲಾಂದ್ರೆ ಯಾರಾದ್ರೂ ಗಡಿಯಾರದವರಿಗೆ ಕೊಟ್ಬಿಡು. ನನ್ನ ಹತ್ರ ಇದ್ರೆ ಹಾಳಾಗುತ್ತೆ."

"ಇರ್ಲಿ ಬಿಡು, ಆಮೇಲೆ ನೋಡೋಣ" ಎಂದು ಅವನು ಅವಸರವಸರವಾಗಿ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದ.

ಬಸ್ ನಿಲ್ದಾಣದ ತನಕ ಹೋದ. ಬಸ್ಸೂ ಬಂತು. ಕಂಡಕ್ಟರ್ "ಹತ್ತೋದಾದ್ರೆ ಹತ್ರೀ" ಎಂದು ಕೂಗಿದ. ತಕ್ಕಡಿಯಣ್ಣ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟವನು ಹಿಂದಕ್ಕೆ ತೆಗೆದ. ಪರಿಹಾರ ಎಂದುಕೊಂಡು ತಾನು ತಂದುಕೊಟ್ಟದ್ದು ಅವಳ ಮೇಲಿನ ಆರೋಪಕ್ಕೆ ಸಾಕ್ಷಿಯಾಗಿ ಕೂತಿತ್ತು. ಮೊದಲ ಸಲ ಗೊತ್ತಿಲ್ಲದೆ ಹೇಳಿದ್ದ ಸುಳ್ಳನ್ನು ಇವತ್ತು ಗೊತ್ತಿದ್ದೂ ಗಟ್ಟಿ ಮಾಡಿ ಬಂದಿದ್ದ.

ಹಿಂತಿರುಗಿ ಹೋದಾಗ ತಂಗಿ ಚಹಾದ ಲೋಟ ತೊಳೆಯುತ್ತಿದ್ದಳು. "ಏನು ಮರೆತೆ ಅಣ್ಣ?" ಅಂದಳು. ಅವನು ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟು, ಆ ಸಾಲಿನ ಮೇಲೆ ಬೆರಳಿಟ್ಟ. ಮಡಿಕೆ ಬಿದ್ದಲ್ಲಿ ಕಾಗದ ಹರಿಯಲು ಶುರುವಾಗಿತ್ತು.

"ನಿನ್ನ ಕೈದು ಏನೂ ತಪ್ಪಿರ್ಲಿಲ್ಲ. ನಾನು ತೂಗಿದ್ದೇ ತಪ್ಪು. ನಿನ್ನ ಗೆರೆ ಲೆಕ್ಕವೇ ಸರಿ ಇತ್ತು. ಇವತ್ತು ತಂದ್ನಲ್ಲ, ಅದನ್ನೂ ನಿನ್ನ ಥರಾನೇ ಗೆರೆ ನೋಡಿ ಮಾಡಿದ್ದು."

ಅವಳು ಕೈ ಒರೆಸಿಕೊಂಡು ಬಂದು ಓದಿದಳು. ಇನ್ನೊಮ್ಮೆ ಓದಿದಳು. ಕಾಗದದ ಮಡಿಕೆಗಳನ್ನು ನೋಡಿದಳು.

"ಯಾವಾಗ ಗೊತ್ತಾಯ್ತು ನಿಂಗೆ?"

ಈ ಪ್ರಶ್ನೆ ಬರುತ್ತದೆಂದು ಅವನಿಗೆ ಗೊತ್ತಿತ್ತು. "ಎರಡು ತಿಂಗಳಾಯ್ತು."

"ಶರ್ಟ್ ಸುಟ್ಟಿದ್ದು ಅದಕ್ಕಿಂತ ಮುಂಚೆಯೋ, ಆಮೇಲೆಯೋ?"

"ಆಮೇಲೆ."

ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಗಾಳಿ ಹೊಡೆಯುತ್ತಿದ್ದರು. "ತೂಕ ತಪ್ಪಾಯ್ತು ಅನ್ನೋದಕ್ಕೆ ನಂಗೇನೂ ಇಲ್ಲ ಅಣ್ಣ. ಯಾರಿಗೂ ಆಗುತ್ತೆ. ಆದ್ರೆ ಎರಡು ತಿಂಗಳು ನಾನು ಬೆಳಗೆದ್ದು ನನ್ನ ಕೈ ನೋಡ್ಕೊಂಡು ಕೂತಿದ್ದೆ. ಅವರ ಚಕ್ರಗಳನ್ನ ನಾನೇ ಹಾಳು ಮಾಡ್ದೆ ಅಂತ ಫೋಟೋ ಮುಂದೆ ಕ್ಷಮೆ ಕೇಳಿದೀನಿ. ನೀನು ಜೇಬಲ್ಲಿ ಇದನ್ನ ಇಟ್ಕೊಂಡು ನಮ್ಮನೆ ಚಹಾ ಕುಡೀತಿದ್ದೆ."

"ನಾಚಿಕೆಯಾಯ್ತು ಕಣೆ" ಎಂದ.

"ಆಗ್ಲಿ" ಅಂದಳು ತಂಗಿ. "ಅತ್ತಿಗೆ ಮುಂದೆ ಅಂದಿದ್ದೆಯಲ್ಲ, ಅತ್ತಿಗೆಗೂ ಹೇಳು. ಈಗ ಹೋಗು. ನಾನೇ ಕರೆಯೋ ತನಕ ಬರಬೇಡ." ಬಿಲ್ಲೆಯನ್ನು ಕರವಸ್ತ್ರದ ಸಮೇತ ಅವನ ಕೈಯಲ್ಲಿಟ್ಟಳು. ಪೆಟ್ಟಿಗೆಯನ್ನು ಮಾತ್ರ ಕಾಲಿನಿಂದ ಮತ್ತೆ ಮಂಚದ ಕೆಳಗೆ ತಳ್ಳಿದಳು.

ಹೆಂಡತಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವಳು ತಟ್ಟೆ ಒರೆಸುತ್ತ ಪೂರ್ತಿ ಕೇಳಿದಳು. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ. "ನನ್ನ ಬಾಯಲ್ಲೂ ಒಂದು ಮಾತು ಆಡಿಸಿಬಿಟ್ರಲ್ಲ" ಎಂದಷ್ಟೇ ಹೇಳಿ, ಸೀರೆ ಬದಲಾಯಿಸಿಕೊಂಡು, ಅವನನ್ನು ಬಿಟ್ಟು ಒಬ್ಬಳೇ ನಾದಿನಿಯ ಮನೆಗೆ ಹೊರಟಳು. ಅಲ್ಲಿ ಏನು ಮಾತಾಯಿತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮೂರು ಭಾನುವಾರ ತಂಗಿ ಬರಲಿಲ್ಲ. ತಕ್ಕಡಿಯಣ್ಣ ಫೋನನ್ನು ಪಕ್ಕದಲ್ಲಿಟ್ಟುಕೊಂಡೇ ಊಟ ಮಾಡುತ್ತಿದ್ದ. ಅವಳು ಮತ್ತೆ ಇಸ್ತ್ರಿ ಮೇಜಿಗೆ ಮರಳಿದ್ದಾಳೆ ಎಂಬ ಸುದ್ದಿ ಹೆಂಡತಿಯ ಕಡೆಯಿಂದ ಬಂದಾಗ, ಕೈಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಹೋಗಿ ಮುಖ ತೊಳೆದುಕೊಂಡ.

ನಾಲ್ಕನೇ ವಾರ ಫೋನ್ ಬಂತು. "ಅಂಟು ರೆಸಿನ್‌ನ ಕೆರೆದು ತೆಗೀಬಹುದಂತೆ. ದವಾಖಾನೆಯವಳು ಹೇಳಿದ್ಲು. ಸ್ಪಿರಿಟ್ ತಗೊಂಡು ಶನಿವಾರ ಬಾ."

ಹೋದ. ಅವಳು ಮೊದಲಿನಂತೆ ನಗಲಿಲ್ಲ, ಆದರೆ ಕೈಗವಸು ಎರಡು ಜೊತೆ ತೆಗೆದಿಟ್ಟಿದ್ದಳು. ಇಬ್ಬರೂ ಕಿಟಕಿಯ ಪಕ್ಕ ಕುಳಿತು, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒಂದೊಂದು ಚಕ್ರವನ್ನೂ ಒರೆಸಿದರು. ಹಲ್ಲುಗಳ ಸಂದಿಯಿಂದ ಅಂಟನ್ನು ಸೂಜಿಯಲ್ಲಿ ಕೀಳಬೇಕಿತ್ತು. ಗಡಿಯಾರದ ಮುಖ ಅವನ ಪಾಲಿಗೆ ಬಂತು. ಎಷ್ಟು ಹಗುರವಾಗಿ ಒರೆಸಿದರೂ ಅಂಟಿನ ಜೊತೆ ಅಂಕಿಗಳೂ ಎದ್ದುಬಂದವು. ಮೊದಲು ಏಳು, ಆಮೇಲೆ ಎಂಟು. ಅವನು ಕೈ ನಿಲ್ಲಿಸಿ ತಕ್ಷಣ ಹೇಳಿದ, "ಅಂಕಿ ಹೋಗ್ತಿದೆ. ನಾನು ಒರೆಸಿದ್ದಕ್ಕೆ."

ತಂಗಿ ಬಗ್ಗಿ ನೋಡಿದಳು. ತುಟಿ ಬಿಗಿಯಾಯಿತು. "ಹೇಳಿದ್ಯಲ್ಲ. ಪೂರ್ತಿ ಒರೆಸು, ಅರ್ಧಂಬರ್ಧ ಚೆನ್ನಾಗಿರಲ್ಲ" ಅಂದಳು.

ಆಮೇಲೆ ಗೆರೆಯ ಕಪ್ಪುಗಳಲ್ಲಿ ಅವಳೇ ಅಳೆದಳು, ಅವಳೇ ಕಲಕಿದಳು. ಕಪ್ಪು ಅಲುಗದಂತೆ ಹಿಡಿದುಕೊಳ್ಳುವುದಷ್ಟೇ ಅವನ ಕೆಲಸ. ನಾಲ್ಕು ನಿಮಿಷ ಅವಳ ಕೈಯನ್ನು ಅವನು ಹತ್ತಿರದಿಂದ ನೋಡಿದ. ಎಲ್ಲೂ ತಡವರಿಸದ, ಆತುರಪಡದ ಕೈ. ಅವತ್ತೂ ಹೀಗೇ ಕಲಕಿದ್ದಳು. ಅವತ್ತು ಅವನು ಅಂಕಿ ನೋಡುತ್ತಿದ್ದ, ಕೈ ನೋಡಿರಲಿಲ್ಲ.

ತಟ್ಟೆ ಗಟ್ಟಿಯಾಯಿತು. ಎರಡು ಚಕ್ರಗಳು ಸೊಟ್ಟ, ನಡುವೆ ಅಂಕಿಯಿಲ್ಲದ ಬಿಳಿ ಮುಖ, ಅಂಚಿನಲ್ಲಿ ಒಂದು ಗುಳ್ಳೆ. ಅದು ಈಗ ಅವಳ ಕಿಟಕಿಯ ಪಕ್ಕದ ಗೋಡೆಯ ಮೇಲಿದೆ. ಲಾಂಡ್ರಿಯ ಮೂವರು ಹೆಂಗಸರು ಶನಿವಾರ ಮಧ್ಯಾಹ್ನ ಅವಳ ಬಳಿ ಕಲಿಯಲು ಬರುತ್ತಾರೆ. ತಕ್ಕಡಿಯಣ್ಣನೂ ಇರುತ್ತಾನೆ, ಕಪ್ಪು ಒರೆಸುತ್ತ, ಕಡ್ಡಿ ಎತ್ತಿಕೊಡುತ್ತ. ಭಾನುವಾರ ಅವಳು ಅಣ್ಣನ ಮನೆಗೆ ಬರುವುದು ಮತ್ತೆ ಶುರುವಾಗಿದೆ, ಆದರೆ ಅಣ್ಣ ಹೇಳಿದ್ದನ್ನೆಲ್ಲ ಮೊದಲಿನಂತೆ ಹೂಂ ಎಂದು ಒಪ್ಪಿಕೊಳ್ಳುವುದನ್ನು ಅವಳು ಬಿಟ್ಟಿದ್ದಾಳೆ. ಅವನೂ ಹೇಳುವುದನ್ನು ಕಡಿಮೆ ಮಾಡಿದ್ದಾನೆ.

ಮೊದಲ ಶನಿವಾರವೇ ಆ ಹೆಂಗಸರಲ್ಲೊಬ್ಬಳು ಗೋಡೆ ನೋಡಿ ಕೇಳಿದಳು, "ಅದ್ಯಾಕೆ ಗಡಿಯಾರಕ್ಕೆ ಅಂಕಿಗಳೇ ಇಲ್ಲ?"

ತಂಗಿ ತಲೆ ಎತ್ತಲಿಲ್ಲ, ಕಲಕುತ್ತಲೇ ಇದ್ದಳು. ಅವನಿಗೆ ಕಿವಿ ಮತ್ತೆ ಬಿಸಿಯಾಯಿತು. ಕೈಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟ.

"ಅದು ನನ್ನ ತಪ್ಪಮ್ಮ," ಎಂದು ಶುರುಮಾಡಿದ. "ಎರಡಕ್ಕೆ ಒಂದು ಅನ್ನೋದನ್ನ ನಾನು ತೂಕ ಅಂದ್ಕೊಂಡೆ..."